ಎರಡನೇ ಪೆನ್‌ಡ್ರೈವ್

ಘಣಸೋಲಿಯ ಶಿವರಾಜನ ಮನೆಯ ಲ್ಯಾಪ್‌ಟಾಪ್ ತೆರೆದುಕೊಳ್ಳಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಗುಂಡಿ ಒತ್ತಿ, ಚಹಾಕ್ಕೆ ಇಟ್ಟು, ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ಪರದೆಯ ಮೇಲೆ ಆ ಸಣ್ಣ ಚಕ್ರ ತಿರುಗುತ್ತಲೇ ಇರುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇರಬಹುದು.

ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಅವನ ಹೆಂಡತಿ ವೈಶಾಲಿಗೆ. ಅವಳು ಪ್ರತಿ ಭಾನುವಾರ ತಾವಿರುವ ಕಟ್ಟಡದ ಸೊಸೈಟಿಯ ಆಫೀಸು ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಕೆಲಸಕ್ಕೆಂದು ಬಂದ ಕನ್ನಡಿಗರಿಗೆ ಇಲ್ಲೇ, ಪರರಾಜ್ಯದಲ್ಲಿ, ಹುಟ್ಟಿದ ಮಕ್ಕಳು. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವರು. ಅವಳ ತರಗತಿಗೆ ಒಂದು ರೂಢಿ ಇದೆ. ಹೊಸದಾಗಿ ಸೇರಿದ ಮಗು ಮೊದಲ ದಿನ ಲ್ಯಾಪ್‌ಟಾಪಿನ ಮುಂದೆ ಕೂತು, ಬಂದಷ್ಟು ಕನ್ನಡದಲ್ಲಿ ಏನಾದರೂ ಹೇಳಬೇಕು. ಅದನ್ನು ವೈಶಾಲಿ ರೆಕಾರ್ಡ್ ಮಾಡಿಡುತ್ತಾಳೆ. ವರ್ಷದ ಕೊನೆಗೆ ತಂದೆತಾಯಿಗಳೆಲ್ಲ ಸೇರಿದಾಗ ಆ ತಡವರಿಸುವ ದನಿಯನ್ನು ಕೇಳಿಸಿ, ಆಮೇಲೆ ಅದೇ ಮಗುವನ್ನು ಎದ್ದು ನಿಲ್ಲಿಸಿ ಮಾತಾಡಿಸುತ್ತಾಳೆ. ಈ ವರ್ಷ ಇಪ್ಪತ್ತಮೂರು ದನಿಗಳಿದ್ದವು. ಕಾರ್ಯಕ್ರಮಕ್ಕೆ ಹದಿನೈದು ದಿನ ಉಳಿದಿತ್ತು.

"ಹೋದ ಸಲ ಮಂದಿ ಎಲ್ಲಾ ಕೂತು ಬರೇ ಚಕ್ರ ನೋಡಿದ್ರು," ಎಂದಳು ವೈಶಾಲಿ. "ಮ್ಯಾಲಿನ ಕೀರ್ತನ್ ಅವರನ್ನ ಒಂದ್ ಮಾತು ಕೇಳೂಣೇನ್ರಿ?"

ಮಗಳು ದಿಶಾ ಪುಸ್ತಕದಿಂದ ತಲೆ ಎತ್ತಿದಳು. "ಹಾಂ ಪಪ್ಪಾ, ಕೀರ್ತನ್ ಅಂಕಲ್ ಕೋ ಸಬ್ ಆತಾ ಹೈ."

ಕೀರ್ತನ್‌ಗೆ ಎಲ್ಲ ಬರುತ್ತದೆ ಎಂಬ ಆ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಒಂದು ವರ್ಷದ ಹಿಂದಿನವರೆಗೆ ಆ ಕಟ್ಟಡದಲ್ಲಿ ಕಂಪ್ಯೂಟರ್ ಬಲ್ಲವನೆಂದರೆ ಶಿವರಾಜನೇ. ವಾಶಿಯ ಮಾರ್ಕೆಟ್ಟಿನಲ್ಲಿ ಕೋಲ್ಡ್ ಸ್ಟೋರೇಜ್ ಆಫೀಸಿನ ಕೆಲಸ ಮುಗಿಸಿ ಬಂದರೆ ಸಾಕು, ಮನೆಯ ಬೆಲ್ ಸದ್ದಾಗುತ್ತಿತ್ತು. ಒಬ್ಬರಿಗೆ ಫಾರ್ಮ್ ತುಂಬಬೇಕು, ಇನ್ನೊಬ್ಬರ ಪ್ರಿಂಟರ್ ನಡೆಯುತ್ತಿಲ್ಲ. "ಮಂದಿ ಸಮಾಧಾನಲೇ ಊಟಾ ಮಾಡಾಕ ಬಿಡಂಗಿಲ್ಲ" ಎಂದು ಗೊಣಗುತ್ತಲೇ ಅವನು ಎದ್ದು ಹೋಗುತ್ತಿದ್ದ. ಮೈಸೂರಿನ ಕೀರ್ತನ್ ಮೂರನೇ ಮಹಡಿಗೆ ಬಂದ ಮೇಲೆ ಬೆಲ್ ನಿಂತಿತು. ಯಾರೂ ಜಗಳವಾಡಲಿಲ್ಲ, ಏನೂ ಹೇಳಲಿಲ್ಲ. ಬರೀ ನಿಂತಿತು. ಈಗ ಊಟ ಸಮಾಧಾನವಾಗಿ ಆಗುತ್ತಿತ್ತು. ಊಟದ ನಡುವೆ ಅವನು ಬಾಗಿಲ ಕಡೆ ನೋಡುತ್ತಿದ್ದ.

ಸಂಜೆ ಹೊತ್ತು ಅವನು ಮೊದಲ ಮಹಡಿಯ ತನ್ನ ಮನೆ ದಾಟಿ ಮೆಟ್ಟಿಲು ಹತ್ತತೊಡಗಿದ. ಕೀರ್ತನ್ ಬಾಗಿಲ ಮುಂದಿನ ಚಪ್ಪಲಿಗಳನ್ನು ನೋಡುವುದಕ್ಕೆ. ಪ್ರತಿಯೊಂದೂ ಗುರುತು ಸಿಗುತ್ತಿತ್ತು. ಎಲ್ಲವೂ ಒಂದು ಕಾಲಕ್ಕೆ ತನ್ನ ಬಾಗಿಲಲ್ಲಿ ಬಿಟ್ಟಿದ್ದವೇ.

ಆ ಬಾಗಿಲ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ತುಂಬ ಪೆನ್‌ಡ್ರೈವ್‌ಗಳು. ಮೇಲೆ ಚೀಟಿ: 'ಬೇಕಾದವರು ತಗೊಂಡು ಹೋಗಿ. ಕೆಲಸ ಮುಗಿದ ಮೇಲೆ ಇಲ್ಲೇ ಹಾಕಿ.'

ಒಂದು ಸಂಜೆ ಆ ಚಪ್ಪಲಿಗಳಲ್ಲಿ ನೆಲಮಹಡಿಯ ರುದ್ರವ್ವನದೂ ಇತ್ತು. ಶಿವರಾಜ ಅಲ್ಲಿ ನಿಂತಿರುವಾಗಲೇ ಮುದುಕಿ ಹೊರಗೆ ಬಂದಳು.

"ಸಿಟ್ಟಾಗಬ್ಯಾಡ ಶಿವರಾಜಪ್ಪ. ಮೊಮ್ಮಗನ ಹಳೇ ಲ್ಯಾಪ್‌ಟಾಪ್ ಭಂಗಾರದಾವಗ, ಅದ ಗುಜರಿಯಾವಗ, ಕೊಡೂದಿತ್ತು. ಈ ಹುಡುಗ ಅದನ್ನ ನಡಸೂ ಹಳೇ ಸಾಫ್ಟ್‌ವೇರ್ ತಗದು, ಪುಕ್ಕಟೆ ಸಿಗೂ ಲಿನಕ್ಸ್ ಅಂತ ಹಾಕಿ ಕೊಟ್ಟಾನ. ಈಗ ನಾ ಕುರ್ಚಿ ಹಿಡದು ಕುಂಡ್ರೂದ್ರಾಗ ಚಾಲೂ ಆಗ್ತದ ನೋಡು. ಕನ್ನಡ ಅಕ್ಷರ ಸೈತ ಅದರಾಗ ಅದಾವ."

"ಫುಕಟ್ ಸಿಕ್ಕದ್ದು ಎಷ್ಟ್ ದಿನಾ ಬಾಳ್ತದಬೇ?"

"ನಾನೂ ಅದನ್ನ ಕೇಳಿದೆ. ಜಗತ್ತಿನ ಮಂದಿ ಎಲ್ಲಾ ಕೂಡಿ ಬರೆದಾರಂತ. ಹೆಂಗ ಬರೆದಾರ ಅನ್ನೂದನ್ನ ಮುಚ್ಚಿಟ್ಟಿಲ್ಲಂತ. ಬೇಕಾದವರು ಓದಬಹುದು, ತಿದ್ದಬಹುದು, ಮಂದಿಗೆ ಹಂಚಬಹುದು. ನನ್ನ ಶೇಂಗಾ ಚಟ್ನಿ ಇದ್ದಂಗ. ಕೇಳಿದವರಿಗೆಲ್ಲ ಹೇಳಿಕೊಟ್ಟೀನಿ. ನನ್ನ ಡಬ್ಬಿ ಏನ್ ಖಾಲಿ ಆಗೇದೇನು?" ಮುದುಕಿ ಚಪ್ಪಲಿ ಮೆಟ್ಟಿಕೊಂಡಳು. "ನೀ ಹಾಕಿಕೊಟ್ಟಿದ್ದು ಕಳ್ಳ ಪ್ರತಿ ಇತ್ತಂತ. ಅದರ ಕೂಡ ವೈರಸ್ ಸೈತ ಬಂದಿತ್ತಂತ. ಹುಡುಗ ನಿನ್ನ ಹೆಸರು ಎತ್ತಲಿಲ್ಲ ಮತ್ತ. ನೀ ಹಾಕಿದ್ದಂತ ನನಗ ಗೊತ್ತಿತ್ತಲ್ಲ."

ಶಿವರಾಜ ನಕ್ಕ. ಮನೆಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ. ಕೀರ್ತನ್ ತನ್ನ ಬಗ್ಗೆ ಕೆಟ್ಟದ್ದು ಆಡಿದ್ದರೆ ಎಷ್ಟು ಚೆನ್ನಾಗಿತ್ತು, ಎಂದುಕೊಂಡ. ದ್ವೇಷಿಸಲು ಒಂದು ಕಾರಣ ಸಿಗುತ್ತಿತ್ತು.

ಮುಂದಿನ ಶನಿವಾರ ಅವನಿಗೆ ರಜೆ. ವೈಶಾಲಿ ಮತ್ತು ದಿಶಾ ಕಾರ್ಯಕ್ರಮಕ್ಕೆ ಅತಿಥಿಯನ್ನು ಕರೆಯಲು ಡೊಂಬಿವಲಿಗೆ ಹೋದರು. ಅವರು ಬರುವಷ್ಟರಲ್ಲಿ ತಾನೇ ಲಿನಕ್ಸ್ ಹಾಕಿಬಿಡಬೇಕೆಂದು ಶಿವರಾಜ ತೀರ್ಮಾನಿಸಿದ. ಒಂದು ವಿಡಿಯೊ ನೋಡಿದ, ಅರ್ಧ. ಮೊದಲು ಇಪ್ಪತ್ತಮೂರು ದನಿಗಳನ್ನು ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡ. ಲಿನಕ್ಸ್ ಹಾಕಲಿಕ್ಕೂ ಒಂದು ಪೆನ್‌ಡ್ರೈವ್ ಬೇಕೆಂದು ಆಮೇಲೆ ತಿಳಿಯಿತು. ಮನೆಯಲ್ಲಿ ಇದ್ದದ್ದು ಒಂದೇ.

ಅವನು ಮೂರನೇ ಮಹಡಿಗೆ ಹತ್ತಿದ. ಡಬ್ಬಿ ಅಲ್ಲೇ ಇತ್ತು. ಬಾಗಿಲ ಒಳಗೆ ಯಾರೋ ನಗುತ್ತಿದ್ದರು. ಕೈ ಚಾಚಿದ. ಬಾಗಿಲು ತೆರೆದರೆ? 'ಓ ಶಿವರಾಜ್ ಸಾರ್, ನೀವೂ ಬಂದ್ರಾ' ಎಂದರೆ? ಚಾಚಿದ ಕೈ ಹಿಂದೆ ಬಂತು.

ತನ್ನ ಪೆನ್‌ಡ್ರೈವಿನಲ್ಲಿ ಬೇಕಾದಷ್ಟು ಜಾಗ ಇದೆ, ದನಿಗಳ ಪಕ್ಕದಲ್ಲೇ ಲಿನಕ್ಸ್ ಕೂರುತ್ತದೆ ಎಂದುಕೊಂಡ. ಲಿನಕ್ಸ್ ತುಂಬಹೊರಟಾಗ, ಈ ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಪರದೆ ಎಚ್ಚರಿಸಿತು. ಕಳ್ಳ ಪ್ರತಿಗಳನ್ನು ಹಾಕಿ ಹಾಕಿ ಎಲ್ಲ ಎಚ್ಚರಿಕೆಗೂ ಓದದೆ 'ಎಸ್' ಒತ್ತುವುದು ಅವನಿಗೆ ರೂಢಿಯಾಗಿತ್ತು. ಒತ್ತಿದ. ಆಮೇಲೆ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಲು ಹೊರಟಾಗ ಅದು ಕೇಳಿತು, ಹಳೆಯದನ್ನು ಉಳಿಸಿಕೊಳ್ಳಬೇಕೋ, ಪೂರ್ತಿ ಅಳಿಸಬೇಕೋ. ದನಿಗಳು ಪೆನ್‌ಡ್ರೈವಿನಲ್ಲಿವೆಯಲ್ಲ. ಪೂರ್ತಿ ಅಳಿಸು ಎಂದ.

ಮುಗಿದ ಮೇಲೆ ಲ್ಯಾಪ್‌ಟಾಪ್ ಮುಕ್ಕಾಲು ನಿಮಿಷದಲ್ಲಿ ತೆರೆದುಕೊಂಡಿತು. ಶಿವರಾಜ ಒಬ್ಬನೇ ಕೂತು ಚಪ್ಪಾಳೆ ಹೊಡೆದ. ಅದೇ ಖುಷಿಯಲ್ಲಿ ಪೆನ್‌ಡ್ರೈವ್ ತೆರೆದು ನೋಡಿದ. ಅದರಲ್ಲಿ ಲಿನಕ್ಸ್ ಮಾತ್ರ ಇತ್ತು.

ತೆಗೆದು ಮತ್ತೆ ಹಾಕಿದ. ಊದಿ ಹಾಕಿದ. ಆಮೇಲೆ ಲ್ಯಾಪ್‌ಟಾಪ್ ಬಂದ್ ಮಾಡಿ ಕೂತ. ಇಪ್ಪತ್ತಮೂರು ಮಕ್ಕಳು ಒಮ್ಮೆಲೇ ಬಾಯಿ ಮುಚ್ಚಿದ ಹಾಗೆ ಮನೆ ಸುಮ್ಮನಿತ್ತು.

ವೈಶಾಲಿ ಬಂದು ಚಪ್ಪಲಿ ಬಿಡುವ ಮೊದಲೇ ಅವನು ಹೇಳಿಬಿಟ್ಟ. ಅವಳು ಬೈಯಲಿಲ್ಲ. ಕುರ್ಚಿಯ ಮೇಲೆ ಕೂತು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಂದಳು: "ಎರಡು ಮಹಡಿ ಅಂತರ ರೀ. ಒಂದ್ ಮಾತು ಕೇಳಿದ್ರ ಏನ್ ಆಗ್ತಿತ್ತು?"

ಶಿವರಾಜ ಎದ್ದ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬೆಲ್ ಒತ್ತಿದ.

"ಬನ್ನಿ ಸಾರ್, ಒಳಗೆ ಬನ್ನಿ," ಎಂದ ಕೀರ್ತನ್. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ಆಮೇಲೆ ಇದರಲ್ಲಿ ಏನಾದ್ರೂ ಡೌನ್‌ಲೋಡ್ ಮಾಡಿದ್ರಾ?"

"ಇಲ್ಲರೀ. ಬಂದ್ ಮಾಡಿಬಿಟ್ಟೆ."

"ಅದೇ ನಿಮ್ಮನ್ನ ಉಳಿಸೋದು. ಪೆನ್‌ಡ್ರೈವ್‌ನಲ್ಲಿ ಅದೇ ಜಾಗದ ಮೇಲೆ ಲಿನಕ್ಸ್ ಬಂದು ಕೂತಿದೆ, ಅಲ್ಲಿ ಸಿಗಲ್ಲ. ಲ್ಯಾಪ್‌ಟಾಪ್ ಡಿಸ್ಕ್ ದೊಡ್ಡದು. ಅಳಿಸೋದು ಅಂದ್ರೆ ಪುಸ್ತಕದ ಪರಿವಿಡಿ ಹರಿದ ಹಾಗೆ ಸಾರ್. ಹಾಳೆಗಳು ಇನ್ನೂ ಇರ್ತವೆ. ಮೇಲೆ ಬೇರೆ ಬರೆದ್ರೆ ಮಾತ್ರ ಹೋಗ್ತವೆ." ಅವನು ಹೊರಗೆ ಹೋಗಿ ಡಬ್ಬಿಯಿಂದ ಒಂದು ಪೆನ್‌ಡ್ರೈವ್ ತಂದ. "ಹುಡುಕೋ ಸಾಧನಾನೂ ಇದರಲ್ಲೇ ಇದೆ. ಅದನ್ನೂ ಯಾರೋ ಬರೆದು ಪುಕ್ಕಟೆ ಹಂಚಿದ್ದಾರೆ."

ಶಿವರಾಜ ನೆಲ ನೋಡುತ್ತಿದ್ದ. "ನಗ್ರೀ ಬೇಕಾದ್ರ," ಎಂದ.

"ನಾನು ನಗಲಾ? ಕಾಲೇಜಲ್ಲಿ ಅಣ್ಣನ ಮದುವೆ ಫೋಟೋ ಪೂರ್ತಿ ಅಳಿಸಿದವನು ಸಾರ್ ನಾನು. ಒಂದು ವಾರ ಯಾರಿಗೂ ಹೇಳಲಿಲ್ಲ. ಕೊನೆಗೆ ಲಿನಕ್ಸ್‌ನೋರು ಮಾತಾಡೋ ಒಂದು ಜಾಲತಾಣದಲ್ಲಿ 'ನನಗೆ ಗೊತ್ತಿಲ್ಲ, ಸಹಾಯ ಮಾಡಿ' ಅಂತ ಬರೆದೆ. ಮುಖ ನೋಡದ ಯಾರೋ ಅರ್ಧ ಗಂಟೇಲಿ ದಾರಿ ತೋರಿಸಿದ್ರು. ಅವರಿಗೆ ವಾಪಸ್ ಕೊಡೋಕೆ ನನ್ನ ಹತ್ರ ಏನೂ ಇರಲಿಲ್ಲ. ಅದಕ್ಕೇ ಈ ಡಬ್ಬಿ."

ಮರುದಿನ ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ದನಿಗಳು ಸಿಕ್ಕಿದವು. ನಾಲ್ಕು ಸಿಗಲಿಲ್ಲ. ಸಿಕ್ಕವಕ್ಕೂ ಹೆಸರು ಉಳಿದಿರಲಿಲ್ಲ, ಬರೀ ಅಂಕಿಗಳಿದ್ದವು. ಗಂಡ ಹೆಂಡತಿ ಕೂತು ಒಂದೊಂದಾಗಿ ಕೇಳಿದರು. ಮಗು ಬಾಯಿ ತೆರೆಯುವ ಮೊದಲೇ, ಎಳೆದುಕೊಂಡ ಉಸಿರಿನಲ್ಲೇ, ವೈಶಾಲಿ ಹೆಸರು ಹೇಳಿಬಿಡುತ್ತಿದ್ದಳು. ಶಿವರಾಜ ಕನ್ನಡದಲ್ಲಿ ಟೈಪ್ ಮಾಡುತ್ತಿದ್ದ. ಒಂದು ದನಿಯೂ ಅವನಿಗೆ ಗುರುತಿರಲಿಲ್ಲ. ಅವನು ಆ ತರಗತಿಯ ಕಡೆ ತಲೆ ಹಾಕಿದವನೇ ಅಲ್ಲ.

ಒಂದು ದನಿಗೆ ಮಾತ್ರ ವೈಶಾಲಿ ಹೆಸರು ಹೇಳಲಿಲ್ಲ. ರೆಕಾರ್ಡಿನಲ್ಲಿ ಕುರ್ಚಿ ಕಿರುಗುಟ್ಟಿತು. ಆಮೇಲೆ ಒಂದು ಹುಡುಗಿ: "ನಮ್ಮ ಪಪ್ಪಾಗ... ಕಂಪ್ಯೂಟರ್ ಬರ್ತದ. ಸಬ್... ಸಬ್ ಬರ್ತದ."

"ಇದು ಯಾರದು, ನೀವ ಬರೀರಿ," ಎಂದಳು ವೈಶಾಲಿ.

ದಿಶಾ ಎಂಬ ಎರಡು ಅಕ್ಷರ ಟೈಪ್ ಮಾಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಆ ಸಂಜೆ ಅವನು ದನಿ ಸಿಗದ ನಾಲ್ಕು ಮಕ್ಕಳ ಮನೆಗಳ ಬೆಲ್ ತಾನೇ ಒತ್ತಿದ. "ನಿಮ್ಮ ಮಗುವಿನ ಮೊದಲ ಮಾತು ನಾ ಅಳಿಸೀನಿ" ಎಂದು ನಾಲ್ಕು ಸಲ ಹೇಳಿದ. ಕೊನೆಯ ಬಾಗಿಲು ರುದ್ರವ್ವನದು. ಅಳಿದ ದನಿ ಅವಳ ಮೊಮ್ಮಗಳದು.

"ಇಷ್ಟ ಹೇಳಾಕ ಮಾರಿ ಇಷ್ಟ್ಯಾಕ ಬಾಡಿಸಿಕೊಂಡೀಯೋ?" ಎಂದಳು ಮುದುಕಿ. "ಆಕಿ ಅವತ್ತು ಏನಂದಿದ್ಲು ಅಂತ ನನಗ ನೆನಪದ. ನಾ ಎದ್ದು ನಿಂತು ಅಂದು ತೋರಸ್ತೀನಿ ಬಿಡು."

ಕಾರ್ಯಕ್ರಮದಲ್ಲಿ ತೋರಿಸಿದಳು ಕೂಡ. ತಡವರಿಸಿ, ಉಗುಳು ನುಂಗಿ, ಸೆರಗು ಕಚ್ಚಿ. ಎಲ್ಲರಿಗಿಂತ ಜೋರು ಚಪ್ಪಾಳೆ ಅವಳಿಗೇ ಬಿತ್ತು. ಉಳಿದ ಮೂರು ಮಕ್ಕಳ ಸರದಿಯಲ್ಲಿ ವೈಶಾಲಿ ಲ್ಯಾಪ್‌ಟಾಪನ್ನು ಮುಟ್ಟದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಮಕ್ಕಳು ಮಾತಾಡಿದರು. ಆ ಖಾಲಿ ಹೊತ್ತು ಶಿವರಾಜನ ಕಿವಿಯಲ್ಲಿ ಇನ್ನೂ ಇದೆ.

ಅವನ ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಕೀರ್ತನ್ ಬಾಗಿಲ ಮುಂದಿನ ಚಪ್ಪಲಿಗಳನ್ನು ಅವನು ಈಗಲೂ ನೋಡುತ್ತಾನೆ. ನೋಡಿ, ತನ್ನದನ್ನೂ ಅವುಗಳ ಪಕ್ಕ ಬಿಟ್ಟು ಒಳಗೆ ಹೋಗುತ್ತಾನೆ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ಒಮ್ಮೆ ಲಿನಕ್ಸ್ ನೋಡಿ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಕದಿಯಬೇಕಾಗಿಯೂ ಇಲ್ಲ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಹಿಡಿಸಿದರೆ ಮಾತ್ರ ಒಳಗೆ ಹಾಕಿ. ಹಾಕುವ ಮೊದಲು ನಿಮ್ಮ ಫೋಟೋ, ದನಿ, ಕಾಗದಪತ್ರಗಳನ್ನು ಬೇರೆ ಎರಡು ಕಡೆ ಇಟ್ಟುಕೊಳ್ಳಿ, ಅವು ತೆರೆಯುತ್ತವೆಯೇ ಎಂದು ತೆರೆದು ನೋಡಿ. ಎಚ್ಚರಿಕೆ ಬಂದರೆ ಓದಿ. ತಪ್ಪಿ ಅಳಿಸಿದರೆ ಆ ಕ್ಷಣವೇ ಬಂದ್ ಮಾಡಿ, ಬಲ್ಲವರ ಹತ್ತಿರ ಒಯ್ಯಿರಿ.

ಗೊತ್ತಿಲ್ಲದಿದ್ದರೆ ಕೇಳಿ. ಕೇಳಲು ಯಾರ ಮನೆಗೆ ಹೋಗಲು ನಿಮಗೆ ಮನಸ್ಸಿಲ್ಲವೋ, ಮೊದಲು ಆ ಮನೆಯದೇ ಬೆಲ್ ಒತ್ತಿ.