ಅರಿಸಿನದ ನೀರು

ಬೆಳಗಿನ ಒಂಬತ್ತಕ್ಕೇ ಹೇಮಶ್ರೀ ಗಂಡನ ಕಂಕುಳಿಗೆ ಥರ್ಮಾಮೀಟರ್ ಇಟ್ಟು ಗಡಿಯಾರ ನೋಡುತ್ತಾ ಕೂತಿದ್ದಳು. ನೂರೊಂದು ತೋರಿಸಿತು. ಒದ್ದೆ ಬಟ್ಟೆಯನ್ನು ಹಿಂಡಿ ಮತ್ತೆ ಅವನ ಎದೆಯ ಮೇಲೆ ಹರಡಿದಳು. ಕಿಟಕಿಯಲ್ಲಿದ್ದ ಎ.ಸಿ. ಗುರುಗುಡುತ್ತಲೇ ಇತ್ತು, ಆದರೆ ಅದರಿಂದ ಬರುತ್ತಿದ್ದುದು ಹೊರಗಿನದೇ ಬಿಸಿ ಗಾಳಿ.

ಅದು ಎರಡು ಸಾವಿರದ ಮೂರರ ಏಪ್ರಿಲ್. ಮೂರು ವರ್ಷದ ಹಿಂದೆ, ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದ ಮಹಾಂತೇಶನಿಗೆ ಲಾರಿ ತಗುಲಿ ಕುತ್ತಿಗೆಯ ಮೂಳೆ ಮುರಿದಿತ್ತು. ಮಾತು, ನಗು, ಬುದ್ಧಿ ಎಲ್ಲ ಮೊದಲಿನಂತೆಯೇ ಉಳಿದವು. ಕೈಕಾಲು ಮಾತ್ರ ಬಿದ್ದುಹೋದವು. ಮೈ ಬೆವರುವುದನ್ನೂ ಮರೆಯಿತು. "ಬೆವರದ ಮೈಗೆ ಸೆಕೆ ತಡೆಯೋಕಾಗಲ್ಲ, ರೂಮು ತಂಪಾಗೇ ಇರಬೇಕು" ಎಂದು ಡಾಕ್ಟರು ಹೇಳಿದ ಮೇಲೆ ಜಯಲಕ್ಷ್ಮಿಪುರಂನ ಆ ಹಳೆಯ ಮನೆಗೆ ಎ.ಸಿ. ಬಂದದ್ದು. ಅಕ್ಕಪಕ್ಕದವರಿಗೆ ಅದು ಜಂಬದ ಸಾಮಾನಾಗಿ ಕಂಡಿರಬಹುದು. ಈ ಮನೆಯವರಿಗೆ ಅದು ಔಷಧಿ.

ಆ ಬೇಸಿಗೆಯಲ್ಲಿ ಅದು ಕೈಕೊಟ್ಟಿತು. ಮೊದಲು ಬಂದ ಮೆಕ್ಯಾನಿಕ್ ಗ್ಯಾಸ್ ಖಾಲಿಯಾಗಿದೆ ಎಂದು ತುಂಬಿ ಹೋದ. ಎಂಟು ದಿನ ತಂಪಾಗಿತ್ತು, ಅಷ್ಟೆ. ಎರಡನೆಯವನು ಬಿಚ್ಚಿಯೂ ನೋಡದೆ, "ಕಂಪ್ರೆಸರ್ ಹೋಯ್ತು ಮೇಡಂ, ಹೊಸದೇ ತಗೊಳ್ಳಿ" ಎಂದ. ಮೂರನೆಯವನು ನಾಳೆ, ನಾಡಿದ್ದು ಎನ್ನುತ್ತಾ ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ. ಹೇಮಶ್ರೀ ಶಾಲೆಯ ಟೀಚರು. ರಜೆ ಇದ್ದದ್ದರಿಂದ ಹೇಗೋ ನಡೆಯುತ್ತಿತ್ತು. ಆದರೂ ದಿನಕ್ಕೆ ನಲವತ್ತು ಸಲ ಬಟ್ಟೆ ಹಿಂಡಿ ಅವಳ ಅಂಗೈ ಸುಕ್ಕುಗಟ್ಟಿತ್ತು.

ಗಂಡನಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಸುಷ್ಮಾ ಒಂದು ದಿನ ಒಂದು ನಂಬರ್ ಬರೆದುಕೊಟ್ಟಳು. "ಪುಟ್ಟಮಾದಯ್ಯ ಅಂತ. ಒಂದು ಟಾಕೀಸಿನ ಎ.ಸಿ. ಪ್ಲಾಂಟನ್ನ ಇಪ್ಪತ್ತೆಂಟು ವರ್ಷ ನೋಡಿಕೊಂಡವರು. ಟಾಕೀಸು ಮುಚ್ಚಿದ ಮೇಲೆ ಮನೆ ಕೆಲಸ ಮಾಡಿಕೊಡ್ತಾರೆ. ಸುಳ್ಳು ಹೇಳಲ್ಲ ಕಣ್ರೀ."

ಮಾರನೆಯ ದಿನವೇ ಪುಟ್ಟಮಾದಯ್ಯ ಆಟೋದಲ್ಲಿ ಬಂದರು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಖಾಕಿ ಅಂಗಿ. ಮೊದಲು ಮಷೀನಿನ ಮುಂದೆ ಅಂಗೈ ಹಿಡಿದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸದ್ದು ಕೇಳಿದರು. ಆಮೇಲೆ ಆಟೋದವನ ಸಹಾಯದಿಂದ ಅದನ್ನು ಹಿತ್ತಲಿಗೆ ಇಳಿಸಿ, ತಾಮ್ರದ ಕೊಳವೆಗೆ ಸೋಪಿನ ನೊರೆ ಹಚ್ಚಿದರು. ಒಂದು ಬಾಗಿನಲ್ಲಿ ಸಣ್ಣ ಗುಳ್ಳೆ ಎದ್ದಿತು.

"ನೋಡಿ ಅಮ್ಮಾವ್ರೇ, ಇಲ್ಲಿ ಸೋರ್ತಾ ಇದೆ. ತೂತು ಮುಚ್ಚದೆ ಗ್ಯಾಸ್ ತುಂಬಿದ್ರೆ ನಿಲ್ಲುತ್ತಾ? ಕಂಪ್ರೆಸರ್ ಗಟ್ಟಿಯಾಗೈತೆ. ಇನ್ನೂ ಐದಾರು ವರ್ಷ ಬತ್ತದೆ."

ಹೇಮಶ್ರೀಗೆ ಅಲ್ಲೇ ಕೂತು ಅತ್ತುಬಿಡಬೇಕು ಎನ್ನಿಸಿತು. ಒಂದು ತಿಂಗಳಲ್ಲಿ ನಿಜ ಹೇಳಿದ ಮೊದಲನೆಯ ಮನುಷ್ಯ.

ಬೆಸುಗೆ ಹಾಕಿ, ಗ್ಯಾಸ್ ತುಂಬಿ, ಮಷೀನನ್ನು ಮತ್ತೆ ಕಿಟಕಿಗೆ ಕೂರಿಸುವ ಹೊತ್ತಿಗೆ ಮೂರು ಗಂಟೆ. ತಂಪು ಸರಿಯಾಗಿ ಬರುತ್ತದೋ ನೋಡಬೇಕೆಂದು ಪುಟ್ಟಮಾದಯ್ಯ ಇನ್ನೂ ಒಂದು ಗಂಟೆ ಮಹಾಂತೇಶನ ಮಂಚದ ಪಕ್ಕ ನೆಲದ ಮೇಲೆ ಕೂತರು. ಬೇಸಿಗೆಯಲ್ಲಿ ಮ್ಯಾಟಿನಿಗೆ ಬಂದು, ಪರದೆಯ ಕಡೆ ತಿರುಗಿಯೂ ನೋಡದೆ ಗೊರಕೆ ಹೊಡೆಯುತ್ತಿದ್ದ ಜನರ ಕಥೆ ಹೇಳಿದರು. ಮಹಾಂತೇಶ ಗಟ್ಟಿಯಾಗಿ ನಕ್ಕ. ಆ ನಗು ಕೇಳಿಯೇ ಅವನ ತಾಯಿ ಗಿರಿಜಾಂಬಾ ಬಾಗಿಲಿಗೆ ಬಂದದ್ದು.

"ಯಾವ ಕಡೆ ಆಯ್ತಪ್ಪ ನಿಂದು?"

"ಅಶೋಕಪುರಂ ತಾಯಿ. ಅಲ್ಲೇ ಹುಟ್ಟಿದ್ದು, ಬೆಳೆದದ್ದು."

ಗಿರಿಜಾಂಬಾ ಮುಂದೆ ಏನೂ ಕೇಳಲಿಲ್ಲ. ದಲಿತರ ಮನೆಗಳೇ ಹೆಚ್ಚಿರುವ ಬಡಾವಣೆ ಅದು. ಹೆಸರು ಸಾಕಾಗಿತ್ತು. ಅವರು ಸೆರಗನ್ನು ಸರಿಮಾಡಿಕೊಂಡು ಅಡುಗೆಮನೆಗೆ ಹೋದರು. ಪುಟ್ಟಮಾದಯ್ಯ ಹೊರಟ ಮೇಲೆ ಸೊಸೆಯನ್ನು ಕರೆದರು.

"ರೂಮನ್ನ ಅರಿಸಿನದ ನೀರು ಹಾಕಿ ತೊಳೆದ್ಬುಡು."

"ಯಾಕತ್ತೆ? ಆ ಹಿರಿಯರು ಮಧ್ಯಾಹ್ನ ಊಟಾನೂ ಮಾಡದೆ ಕೆಲಸ ಮಾಡಿದ್ದಾರೆ."

"ನಾನು ಬೇಡ ಅಂದ್ನಾ? ಒಂದು ಮಾತು ಅಂದ್ನಾ? ನಾನು ದಿನಾ ಅಲ್ಲೇ ಕೂತು ಲಿಂಗಪೂಜೆ ಮಾಡೋದು."

"ನಮ್ಮಲ್ಲಿ ಮೇಲು ಕೀಳು ಇಲ್ಲ ಅಂತ ಮಠದಲ್ಲಿ ಸ್ವಾಮಿಗಳು ಹೇಳೋವಾಗ ನೀವೇ ತಲೆಯಾಡಿಸ್ತೀರಿ."

ಗಿರಿಜಾಂಬಾ ಗೋಡೆಗೆ ಒರಗಿದರು. "ಆಡಿಸ್ತೀನಿ. ಆದ್ರೆ ನನ್ನ ಮಗ ಹಿಂಗೆ ಮಲಗಿದ್ಮೇಲೆ ಒಂದು ನೇಮ ಬಿಡೋಕೂ ನನಗೆ ಭಯ ಕಣೇ. ಯಾವುದು ತಪ್ಪಿ ಹಿಂಗಾಯ್ತೋ ಯಾರಿಗೆ ಗೊತ್ತು?"

ಹೇಮಶ್ರೀಗೆ ಉತ್ತರ ಗೊತ್ತಿತ್ತು. ಹೇಳಬಹುದಿತ್ತು. ಆದರೆ ಜಗಳಕ್ಕೂ ಶಕ್ತಿ ಬೇಕು. ರಾತ್ರಿ ಎರಡು ಸಲ ಎದ್ದು ಗಂಡನನ್ನು ಮಗ್ಗುಲು ಬದಲಿಸಿ ಮಲಗಿಸಿದ್ದಳು, ಇಂದೂ ಏಳಬೇಕಿತ್ತು. ಒಂದು ಬಕೆಟ್ ನೀರು ಚೆಲ್ಲಿದರೆ ಮನೆ ಶಾಂತವಾಗಿರುತ್ತದೆ ಎಂದುಕೊಂಡಳು. ಅರಿಸಿನ ಕಲಸಿ ತಂದು ರೂಮಿನ ನೆಲಕ್ಕೆ ಎರಚಿದಳು.

"ಏನು ಹೇಮಾ ಅದು?" ಮಹಾಂತೇಶ ಕೇಳಿದ.

"ಧೂಳಾಗಿತ್ತು."

ಅವನು ನೆಲದ ಮೇಲೆ ಹರಿಯುತ್ತಿದ್ದ ಹಳದಿ ನೀರನ್ನು ನೋಡಿದ. ಗೋಡೆಯ ಕಡೆ ಮುಖ ತಿರುಗಿಸಿದ. ಅವನಿಂದ ಆಗುತ್ತಿದ್ದುದು ಅಷ್ಟೇ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಚಟ್ಟೆಂದು ಸದ್ದಾಗಿ ಎ.ಸಿ. ನಿಂತುಹೋಯಿತು. ಮಧ್ಯಾಹ್ನಕ್ಕೆ ಜ್ವರ ನೂರಮೂರು ದಾಟಿತು. ಮಹಾಂತೇಶನ ಮುಖ ಕೆಂಪೇರಿ, ಮಾತು ತೊದಲತೊಡಗಿತು.

"ನೋಡಿದ್ಯಾ, ನೀನು ಕರೆಸಿದೋನು ಮಾಡಿದ ಕೆಲಸ! ಒಂದು ದಿನಾನೂ ತಡೀಲಿಲ್ಲ" ಎಂದು ಗಿರಿಜಾಂಬಾ ಅಳುತ್ತಲೇ ಬೈದರು. ಹೇಮಶ್ರೀ ಫೋನ್ ಮಾಡಿದಳು. ಪುಟ್ಟಮಾದಯ್ಯ ಅರ್ಧ ಗಂಟೆಯಲ್ಲಿ ಸೈಕಲ್ ತುಳಿದುಕೊಂಡು ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಗಿರಿಜಾಂಬಾ, "ಏನು ಮಾಡಿಟ್ಟು ಹೋದೆಯಪ್ಪ ನೀನು? ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಬಾರದಿತ್ತಾ?" ಎಂದರು.

ಪುಟ್ಟಮಾದಯ್ಯ ನೇರವಾಗಿ ರೂಮಿಗೆ ಹೋದರು. ಎ.ಸಿ.ಯನ್ನು ಮುಟ್ಟಲೂ ಇಲ್ಲ. ಮಂಚದ ಕಾಲಿನ ಬಳಿ ನೆಲದ ಮೇಲಿದ್ದ, ಎ.ಸಿ.ಗೆ ಕರೆಂಟನ್ನು ಹದಮಾಡಿ ಕೊಡುವ ಸ್ಟೆಬಿಲೈಸರ್ ಪೆಟ್ಟಿಗೆಯನ್ನು ಎಳೆದು, ಮುಚ್ಚಳದ ಸ್ಕ್ರೂ ಬಿಚ್ಚಿದರು. ಒಳಗೆ ಸುಟ್ಟ ವಾಸನೆ. ತಳದಲ್ಲಿ ಇನ್ನೂ ಒಂದಿಷ್ಟು ನೀರು ನಿಂತಿತ್ತು. ತಂತಿಯ ಸುರುಳಿಯ ಮೇಲೆ ಹಳದಿ ಕಲೆ ಒಣಗಿತ್ತು. ಅವರು ಬೆರಳಿಂದ ಸವರಿ ನೋಡಿದರು, ಮೂಸಿದರು. ತಲೆಯೆತ್ತಿ ಹೇಮಶ್ರೀಯನ್ನು ಒಮ್ಮೆ ನೋಡಿದರು.

"ಒಳಕ್ಕೆ ನೀರು ಹೋಗೈತೆ. ಸುಟ್ಟೋಗೈತೆ."

"ರೂಮಿನೊಳಗೆ ನೀರೆಲ್ಲಿಂದ ಬರುತ್ತೆ?" ಗಿರಿಜಾಂಬಾ ಕೇಳಿದರು. ಆದರೆ ಅವರ ದನಿ ಆಗಲೇ ಇಳಿದಿತ್ತು.

"ಇಲಿಗಿಲಿ ಉಚ್ಚೆ ಹೊಯ್ದಿರ್ಬೇಕು ತಾಯಿ. ಒಂದೊಂದ್ಸಲ ಹಂಗಾಗ್ತದೆ."

ಹಿರಿಯರು ಯಾರ ಕಡೆಯೂ ನೋಡದೆ, ಸ್ಕ್ರೂಗಳನ್ನು ಒಂದೊಂದಾಗಿ ಮುಚ್ಚಳಕ್ಕೆ ಹಾಕುತ್ತಾ ಈ ಮಾತು ಹೇಳಿದ್ದನ್ನು ಹೇಮಶ್ರೀಗೆ ತಡೆದುಕೊಳ್ಳಲಾಗಲಿಲ್ಲ. ಸುಳ್ಳು ಹೇಳದವರು ಎಂದು ಕೇಳಿದ್ದಳು. ಅವರಿಂದ ಈ ಸುಳ್ಳು ಹೇಳಿಸುತ್ತಿರುವುದು ತಾನು.

"ಇಲಿ ಅಲ್ಲ. ನಾನು" ಎಂದಳು. "ನೀವು ಹೋದ ಮೇಲೆ ಅರಿಸಿನದ ನೀರು ಹಾಕಿ ರೂಮು ತೊಳೆದೆ. ಯಾಕೆ ಅಂತ ನಿಮಗೆ ಗೊತ್ತು. ಅತ್ತೆ ಹೇಳಿದ್ದು ನಿಜ, ಆದ್ರೆ ಬಕೆಟ್ ಹಿಡಿದದ್ದು ನನ್ನ ಕೈ."

ಮಂಚದ ಮೇಲಿಂದ ಮಹಾಂತೇಶನ ಉಸಿರು ಮಾತ್ರ ಜೋರಾಗಿ ಕೇಳುತ್ತಿತ್ತು.

"ವಾಸನೆ ನೋಡಿದಾಗಲೇ ತಿಳೀತು ಕಣಮ್ಮ" ಎಂದರು ಪುಟ್ಟಮಾದಯ್ಯ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತಿತ್ತು. "ಟಾಕೀಸಿನಲ್ಲಿ ದಿನಾ ಸಾವಿರ ಜನಕ್ಕೆ ಗಾಳಿ ಕಳಿಸ್ತಿದ್ದೆ. ಯಾರ ಕೈಯಿಂದ ಬಂತು ಅಂತ ಒಬ್ರೂ ಕೇಳ್ಲಿಲ್ಲ. ಮನೆಗಳಿಗೆ ಹೋಗೋಕೆ ಶುರು ಮಾಡಿದ್ಮೇಲೆ ದಿನಾ ಕೇಳ್ತಾರೆ." ಅವರು ಎದ್ದರು. "ಇರ್ಲಿ. ಮೊದ್ಲು ಇವರ ಮೈ ತಣ್ಣಗಾಗ್ಬೇಕು. ನಮ್ಮನೇಲಿ ಒಂದು ಹಳೇ ಸ್ಟೆಬಿಲೈಸರ್ ಐತೆ, ತತ್ತೀನಿ."

ಸೈಕಲ್ಲು ಗೇಟು ದಾಟಿತು. ಅತ್ತೆ ಸೊಸೆ ಇಬ್ಬರೂ ಬಟ್ಟೆ ಹಿಂಡಿ ಹಿಂಡಿ ಹಾಕಿದರು. ಇಪ್ಪತ್ತು ನಿಮಿಷವಾಯಿತು, ನಲವತ್ತಾಯಿತು. ಥರ್ಮಾಮೀಟರು ನೂರಮೂರೂವರೆ ತೋರಿಸಿತು.

"ಬರ್ತಾನೇನೇ ಅವನು?" ಗಿರಿಜಾಂಬಾ ಕೇಳಿದರು.

"ಬರದಿದ್ರೂ ಅವರದ್ದು ತಪ್ಪಿಲ್ಲ ಅತ್ತೆ."

ಗಿರಿಜಾಂಬಾ ಎದ್ದು, ಬರಿಗಾಲಿನಲ್ಲಿ, ಸುಡುವ ಅಂಗಳ ದಾಟಿ ಗೇಟಿಗೆ ಹೋಗಿ ನಿಂತರು. ಎಂದೂ ಮಧ್ಯಾಹ್ನದ ಬಿಸಿಲಿಗೆ ತಲೆಯೊಡ್ಡದ ಹೆಂಗಸು ಗೇಟಿನ ಸರಳು ಹಿಡಿದು ರಸ್ತೆಯ ತುದಿಯನ್ನೇ ನೋಡುತ್ತಿದ್ದರು. ಹೇಮಶ್ರೀ ಕಿಟಕಿಯಿಂದ ಆ ಬಾಗಿದ ಬೆನ್ನು ನೋಡಿದಳು. ಆ ಬೆನ್ನಿಗೂ ಮೂರು ವರ್ಷದ ಆಯಾಸವಿತ್ತು.

"ಬಂದ್ರು!" ಗಿರಿಜಾಂಬಾ ಅಲ್ಲಿಂದಲೇ ಕೂಗಿದರು. "ಹೇಮಾ, ಬಂದ್ರು ಕಣೇ!"

ಪುಟ್ಟಮಾದಯ್ಯ ಕ್ಯಾರಿಯರಿನಲ್ಲಿ ಹಗ್ಗ ಬಿಗಿದು ತಂದ ಸ್ಟೆಬಿಲೈಸರನ್ನು ಈ ಸಲ ನೆಲಕ್ಕಿಡದೆ, ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಕೂರಿಸಿದರು. ಸ್ವಿಚ್ಚು ಒತ್ತಿದರು. ಕಾಲು ಗಂಟೆಯಲ್ಲಿ ರೂಮು ತಂಪಾಗತೊಡಗಿತು. ಒಂದೂವರೆ ಗಂಟೆ ಕಳೆಯುವ ಹೊತ್ತಿಗೆ ಜ್ವರ ನೂರಕ್ಕೆ ಇಳಿದು, ಮಹಾಂತೇಶ ಕಣ್ಣುಬಿಟ್ಟು ನೀರು ಕೇಳಿದ. ಅಲ್ಲಿಯವರೆಗೂ ಪುಟ್ಟಮಾದಯ್ಯ ಹೋಗದೆ ನೆಲದ ಮೇಲೆ ಕೂತೇ ಇದ್ದರು.

"ಊಟ ಮಾಡ್ಕೊಂಡು ಹೋಗಿ" ಎಂದಳು ಹೇಮಶ್ರೀ.

"ಇವತ್ತು ಬೇಡ ಕಣಮ್ಮ" ಎಂದರು ಅವರು. ಕಠಿಣವಾಗಿ ಹೇಳಲಿಲ್ಲ. ಆದರೆ ಮತ್ತೆ ಕೇಳುವಂತೆಯೂ ಇರಲಿಲ್ಲ. ಹೇಮಶ್ರೀ ಅವರ ಜೊತೆ ಗೇಟಿನವರೆಗೆ ಹೋದಳು. ಕ್ಷಮಿಸಿ ಎನ್ನಬೇಕೆಂದಿದ್ದಳು. ಆ ಮಾತು ತೀರಾ ಚಿಕ್ಕದೆನಿಸಿ, ಸೈಕಲ್ಲು ತಿರುವು ದಾಟುವವರೆಗೂ ಗೇಟು ಹಿಡಿದು ನಿಂತಳು.

ಒಳಗೆ ಬಂದಾಗ ಗಿರಿಜಾಂಬಾ ಮಗನ ರೂಮಿನಲ್ಲಿ ಮಂಚಕ್ಕೆ ಒರಗಿ ಬರೀ ನೆಲದ ಮೇಲೆ ಕೂತಿದ್ದರು. ಪುಟ್ಟಮಾದಯ್ಯ ಈಗಷ್ಟೇ ಎದ್ದುಹೋದ ಜಾಗ ಅದು. ಹಲಗೆ ಹೊಡೆದಾಗ ಉದುರಿದ ಗಾರೆಯ ಪುಡಿ ಇನ್ನೂ ಅಲ್ಲೇ ಇತ್ತು.

"ಚಾಪೆ ಹಾಕ್ಲಾ ಅತ್ತೆ?"

"ಬೇಡ, ಬುಡು" ಎಂದರು ಗಿರಿಜಾಂಬಾ ಕಣ್ಣು ಮುಚ್ಚಿಕೊಂಡೇ. "ನೆಲ ತಣ್ಣಗಿದೆ. ನೀನೂ ಬಾ, ಒಂದು ಗಳಿಗೆ ಕೂತ್ಕೋ."