ಮೈದುನ ಕಟ್ಟಿದ ಗೋಡೆ

ನನ್ನ ಮೈದುನ ಗಾರೆ ಕೆಲಸದವನು. ದೂರದ ನಗರದಲ್ಲಿ ಕಂಡವರಿಗೆಲ್ಲ ಮನೆ ಕಟ್ಟಿಕೊಡುತ್ತಿದ್ದವನು, ರೋಗ ಹರಡಿ ಕೆಲಸ ನಿಂತಾಗ ಅರ್ಧ ದಾರಿ ಲಾರಿ ಹತ್ತಿ, ಅರ್ಧ ದಾರಿ ನಡೆದು ಊರು ಸೇರಿದ. ಬಂದದ್ದು ಅಮ್ಮನನ್ನು ನೋಡಲು. ಅತ್ತೆಗೆ ಕಾಲು ಸ್ವಾಧೀನವಿಲ್ಲ, ಮಂಚ ಬಿಟ್ಟು ಏಳುವ ಹಾಗಿಲ್ಲ.

ಮನೆ ಒಂದೇ, ಪಾಲು ಎರಡು. ಮುಂದಿನ ಪಾಲಿನಲ್ಲಿ ನಾವು, ನಮ್ಮ ದಿನಸಿ ಅಂಗಡಿ, ಅತ್ತೆಯ ಮಂಚ. ಹಿಂದಿನದು ಅವನದು. ನಡುವೆ ಒಂದು ಬಾಗಿಲು. ಅಧಿಕಾರಿಗಳು ಅವನನ್ನು ಹಿಂದಿನ ಪಾಲಿನಲ್ಲಿ ಕೂಡಿಹಾಕಿ, ಹೊರಗಡೆ ಚೀಟಿ ಅಂಟಿಸಿ ಹೋದರು. ಅವನು ಮೂಗು ಬಾಯಿಗೆ ಟವೆಲ್ ಕಟ್ಟಿಕೊಂಡು ಒಳಬಾಗಿಲಿನಾಚೆ ದೂರದಲ್ಲಿ ಕೂರುತ್ತಿದ್ದ. ಅತ್ತೆ ಮಂಚದಿಂದಲೇ ಅವನನ್ನು ಕಣ್ತುಂಬ ನೋಡುತ್ತಿದ್ದರು. ಇಬ್ಬರಿಗೂ ಅಷ್ಟೇ ಸಾಕಾಗಿತ್ತು.

ಬೀದಿಯವರಿಗೆ ಸಾಕಾಗಲಿಲ್ಲ. ಎದುರುಮನೆಯಾಕೆ ಅಂಗಡಿಗೆ ಕಾಲಿಡದೆ ದೂರದಿಂದಲೇ ಕೂಗಿ ಹೇಳಿದಳು: “ಆ ಬಾಗಿಲು ಇರೋವರೆಗೂ ನಿಮ್ಮ ಸಾಮಾನು ಬೇಡ ಕಣಮ್ಮ.” ಈ ಮಹಾತಾಯಿಯ ಮನೆಗೆ ಮೆಟ್ಟಿಲು ಕಟ್ಟಿಕೊಟ್ಟವನು ನನ್ನ ಮೈದುನನೇ! ನನಗೆ ಮೈಯೆಲ್ಲ ಉರಿದುಹೋಯಿತು. ಬೀಗ ಜಡಿಯುತ್ತೇವೆ ಎಂದರೂ ಯಾರೂ ನಂಬಲಿಲ್ಲ. ಬಾಗಿಲಿನ ಜಾಗದಲ್ಲಿ ಗೋಡೆಯೇ ಆಗಬೇಕಂತೆ.

ಅಂಗಡಿ ಮುಚ್ಚಿದರೆ ಹೊಟ್ಟೆಗೇನು ಎಂದು ನನ್ನ ಗಂಡ ಹಿತ್ತಲಿನ ಇಟ್ಟಿಗೆ ತಂದು ತಾವೇ ಕಟ್ಟಲು ಕೂತರು. ತಕ್ಕಡಿ ಬಿಟ್ಟು ಬೇರೇನೂ ಹಿಡಿದವರಲ್ಲ. ಗೋಡೆ ಸೊಂಟದೆತ್ತರ ಬರುವಷ್ಟರಲ್ಲಿ ಕುಡಿದವನ ಹಾಗೆ ವಾಲಿತು.

ಆಚೆ ಕೂತು ನೋಡುತ್ತಿದ್ದ ಮೈದುನನಿಗೆ ತಡೆಯಲಾಗಲಿಲ್ಲ.

“ಅಣ್ಣಾ, ಅದು ಅಮ್ಮನ ಕಡೆಗೇ ವಾಲ್ತಿದೆ. ಬಿದ್ರೆ ಅವಳ ಮೇಲೇ ಬೀಳುತ್ತೆ. ಕೆಡವಿಬಿಡು.”

“ಮತ್ತೆ ಕಟ್ಟೋರು ಯಾರೋ? ಈ ಮನೆಗೆ ಈಗ ಯಾವ ಮೇಸ್ತ್ರಿ ಬರ್ತಾನೆ?”

“ಇಟ್ಟಿಗೆ ಈ ಕಡೆ ತಳ್ಳಿ ದೂರ ನಿಂತ್ಕೊ.”

ಗೋಡೆ ನೆಟ್ಟಗೆ ಬರಲೆಂದು ಮೈದುನ ದಾರದ ತೂಗುಗುಂಡು ಇಳಿಬಿಟ್ಟು, ನೋಡಿ ನೋಡಿ ಒಂದೊಂದೇ ಇಟ್ಟಿಗೆ ಇಟ್ಟ. ಅಣ್ಣನ ಮೇಲಿನ ಸಿಟ್ಟಿಗಾದರೂ ಒಂದನ್ನು ಸೊಟ್ಟಗೆ ಇಡಬಾರದಿತ್ತೇ! ಅವನ ಕೈಗೆ ಅದು ಬರುವುದೇ ಇಲ್ಲ. ಮೊದಲು ಅವನ ಮೊಣಕಾಲು ಮರೆಯಾಯಿತು, ಆಮೇಲೆ ಎದೆ. ಕೊನೆಗೆ ಮೇಲಿನ ಸಂದಿಯಲ್ಲಿ ಮುಖವಷ್ಟೇ ಉಳಿಯಿತು.

“ಅಷ್ಟು ಹಾಗೇ ಬಿಡೋ ಮಗನೇ, ನಿನ್ನ ಮುಖ ಕಾಣ್ಲಿ,” ಎಂದರು ಅತ್ತೆ.

ಅವನು ಅಣ್ಣನ ಕಡೆ ನೋಡಿದ. ನನ್ನ ಗಂಡ ನೆಲ ನೋಡಿದರು.

“ಇರಲಿ ಬಿಡ್ರೀ ಅಷ್ಟು!” ಎಂದೆ. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

“ಕಣ್ಣು ಮುಚ್ಕೊಳಮ್ಮ, ಸಿಮೆಂಟ್ ಹಾರುತ್ತೆ,” ಎಂದ ಮೈದುನ. ಅತ್ತೆ ಮಕ್ಕಳ ಹಾಗೆ ಮುಚ್ಚಿಕೊಂಡರು. ಅವನು ಉಳಿದ ಇಟ್ಟಿಗೆಗಳನ್ನೂ ಇಟ್ಟು ಮುಗಿಸಿದ.

ಸಂಜೆಗೆ ಅಂಗಡಿಯಲ್ಲಿ ಜನವೋ ಜನ. ನನಗೆ ಅವರ ಮುಖ ನೋಡಲೂ ಅಸಹ್ಯವಾಗಿ ಒಳಗೆ ಬಂದೆ. ಅತ್ತೆ ಮಂಚವನ್ನು ಗೋಡೆಗೆ ಒತ್ತರಿಸಿಕೊಡು ಎಂದರು. ಒತ್ತರಿಸಿದೆ. ಹಸಿ ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದರು.

“ಹೊರಟುಹೋದ್ನೇನೇ?”

“ಇಲ್ಲತ್ತೆ, ಅಲ್ಲೇ ಕೂತಿದ್ದಾನೆ,” ಎಂದೆ.

ಅವನು ಅಷ್ಟು ಚೆನ್ನಾಗಿ ಕಟ್ಟಿದ್ದ, ನನಗೂ ಏನೊಂದೂ ಕೇಳಿಸುತ್ತಿರಲಿಲ್ಲ.