ಆರಿದ ಹಿಟ್ಟು

ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ ಒಂದಿದೆ. ಪದ್ಮಮ್ಮನಿಗೆ ಆರಿದ ಹಿಟ್ಟೇ ಇಷ್ಟ. ಹಿಟ್ಟು ಅಂದರೆ ರಾಗಿ ಮುದ್ದೆ. ನಮ್ಮ ಕುಣಿಗಲ್ ಕಡೆ ಮುದ್ದೆ ಅನ್ನುವುದು ಹೋಟೆಲ್ ಬೋರ್ಡಿನಲ್ಲಿ ಮಾತ್ರ. ಪದ್ಮಮ್ಮ ಅಂದರೆ ನಾನೇ. ಹೀಗೆ ಇಷ್ಟ ಅಂತ ಯಾವಾಗ ಹೇಳಿದೆನೋ ನನಗೇ ನೆನಪಿಲ್ಲ. ಎಲ್ಲರಿಗೂ ಬಡಿಸಿ, ಎರಡನೇ ಸಲ ಸಾರು ಹಾಕಿ, ಮಜ್ಜಿಗೆ ಕೊಟ್ಟು ಕೂರುವ ಹೊತ್ತಿಗೆ ನನ್ನ ಪಾಲಿನದು ಆರಿ, ಮೇಲೆ ತೊಗಲು ಕಟ್ಟಿಕೊಂಡಿರುತ್ತಿತ್ತು. ಯಾರೋ ಒಂದು ದಿನ ಆರಿಹೋಗಿದೆಯಲ್ಲ ಅಂದಿರಬೇಕು. ನಾನು ಇದೇ ಇಷ್ಟ ಬಿಡಿ ಅಂದಿರಬೇಕು. ಆಮೇಲೆ ಯಾರೂ ಕೇಳಲಿಲ್ಲ.

ಹಿಟ್ಟು ತಿರುವುವುದು ಹೇಗೆಂದು ತಿಳಿಯದವರಿಗೆ ಹೇಳಬೇಕು. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ಬೆಂದ ಮೇಲೆ ಪಾತ್ರೆಯನ್ನು ಕೆಳಗಿಳಿಸಿ, ಬಟ್ಟೆ ಕೊಟ್ಟು ಕಾಲಿನಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವಬೇಕು. ಒಂದು ಗಂಟೂ ಉಳಿಯಬಾರದು. ಭುಜದಿಂದ ಬೆರಳ ತುದಿವರೆಗೆ ಎಲ್ಲ ನರವೂ ಕೆಲಸಕ್ಕೆ ಬರುತ್ತದೆ. ಮದುವೆಯಾಗಿ ಹುಲಿಯೂರುದುರ್ಗದಿಂದ ಕುಣಿಗಲ್ಲಿಗೆ ಬಂದ ವಾರದಲ್ಲೇ ನಾನು ತಿರುವಿದ ಮೊದಲ ಹಿಟ್ಟನ್ನು ನನ್ನ ಗಂಡನ ಅಕ್ಕ ಶಕುಂತಲಕ್ಕ ಎರಡು ಹೋಳು ಮಾಡಿ, ಒಳಗಿದ್ದ ಗಂಟನ್ನು ಬೆರಳ ತುದಿಯಲ್ಲಿ ಎತ್ತಿ ಅತ್ತೆಗೆ ತೋರಿಸಿದ್ದರು. ಅತ್ತೆ ಒಲೆಯ ಮೇಲೆ ಮತ್ತೆ ನೀರಿಟ್ಟರು, ಅಷ್ಟೆ. ಅವತ್ತು ಕಲಿತವಳು ಮತ್ತೆ ಯಾರ ಕೈಗೂ ಗಂಟು ಸಿಗದ ಹಾಗೆ ತಿರುವಿದ್ದೇನೆ. ಹೊತ್ತುಹೊತ್ತಿಗೆ, ಜ್ವರ ಬಂದಾಗಲೂ, ಮಗ ಶಮಂತ್ ಹೊಟ್ಟೆಯಲ್ಲಿದ್ದಾಗಲೂ, ತುಮಕೂರಿಗೆ ಬಂದು ಬಟವಾಡಿಯ ಈ ಬಾಡಿಗೆ ಮನೆಗೆ ಸಾಮಾನು ಇಳಿಸಿದ ದಿನವೂ. ನನಗೆ ಇರುವ ಒಂದೇ ಹೆಮ್ಮೆ ಅದು. ಬೇರೆಯವರಿಗೆ ಡಿಗ್ರಿ ಇರುತ್ತದೆ, ನನಗೆ ಇದಿತ್ತು.

ಹಾಗಾಗಿ ಸೊಸೆ ಮೈತ್ರೇಯಿಯ ಅಡ್ಡದಾರಿಗಳು ನನಗೆ ಮೊದಲಿಂದಲೂ ಸರಿಬರಲಿಲ್ಲ. ಹೊಸಲಿಗೆ ರಂಗೋಲಿ ಸ್ಟಿಕ್ಕರ್. ಕೊತ್ತಂಬರಿ ಸೊಪ್ಪನ್ನು ಕತ್ತರಿಯಲ್ಲಿ ನೇರ ಸಾರಿನೊಳಕ್ಕೇ ಕತ್ತರಿಸುವುದು. ಬೆಳ್ಳುಳ್ಳಿಯನ್ನು ಡಬ್ಬಿಗೆ ಹಾಕಿ ಗಡಗಡ ಅಲ್ಲಾಡಿಸಿದರೆ ಸಿಪ್ಪೆ ಬಿಟ್ಟುಕೊಳ್ಳುತ್ತದಂತೆ. ಬಿಟ್ಟುಕೊಳ್ಳುತ್ತದೆ ಕೂಡ, ಅದೇ ನನಗೆ ಸಿಟ್ಟು. ಒಗೆದ ಅಂಗಿಯನ್ನು ಹ್ಯಾಂಗರಿಗೆ ಹಾಕಿ ಒಣಗಿಸಿ ಇಸ್ತ್ರಿಯೇ ಬೇಡ ಅನ್ನುತ್ತಾಳೆ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆ ಬಾಡಿದ ಮುಖ ಹೊತ್ತು ಬರುತ್ತಾಳೆ. ಸೋಮಾರಿ ಅಂತ ಅವಳ ಎದುರಿಗೆ ಅಂದವಳಲ್ಲ ನಾನು. ಎದುರಿಗೆ ಅನ್ನುವ ಕೆಲಸ ನನ್ನ ಯಜಮಾನರದು.

ಯಜಮಾನರು ಚಂದ್ರಶೇಖರಯ್ಯ, ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟು, ಪೇಪರ್ ಹಿಡಿದು ಕೂತರೆ ಅಡುಗೆಮನೆಯ ಮೇಲೆ ತೀರ್ಪು ಶುರುವಾಗುತ್ತದೆ. ಒಮ್ಮೆ ಮೈತ್ರೇಯಿ ಕುಕ್ಕರಿನಲ್ಲೇ ಹಿಟ್ಟು ಮಾಡಬಹುದು ಅಂದಿದ್ದಕ್ಕೆ, "ಅದು ಹಿಟ್ಟಲ್ಲಮ್ಮ, ಗೋಡೆಗೆ ಪೋಸ್ಟರ್ ಅಂಟ್ಸೋ ಅಂಟು" ಅಂದರು. ನಾನೂ ನಕ್ಕಿದ್ದೆ. ಅವಳು ನಗಲಿಲ್ಲ.

ಹೋದ ತಿಂಗಳು ನನ್ನ ಬಲ ಮಣಿಕಟ್ಟು ಕೈಕೊಟ್ಟಿತು. ಲೋಟ ಎತ್ತಿದರೂ ಜೀವ ಹೋಗುವಂಥ ನೋವು. ಬಟವಾಡಿ ಸರ್ಕಲ್ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಚಿಕ್ಕ ಹುಡುಗಿ. ಕೈ ತಿರುಗಿಸಿ ನೋಡಿ, ನರ ಸವೆದುಹೋಗಿದೆ, ಅಂಥಾ ಕೆಲಸ ಏನು ಮಾಡ್ತೀರಿ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು: "ಏನೂ ಇಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಿಜ ಅಂತಲೇ ಅಂದುಕೊಂಡು ಹೇಳಿದರು. ಡಾಕ್ಟರು ಬ್ಯಾಂಡೇಜು ಕಟ್ಟಿ, ಈ ಕೈಯಲ್ಲಿ ಏನನ್ನೂ ತಿರುವಬೇಡಿ, ಇಲ್ಲದಿದ್ದರೆ ಆಪರೇಷನ್ ಆಗುತ್ತದೆ ಅಂತ ಹೇಳಿ ಕಳಿಸಿದಳು. ಅವತ್ತಿನಿಂದ ಅನ್ನವೇ ಊಟ. ಯಜಮಾನರು ಒಂದೊಂದು ತುತ್ತಿಗೂ ನಿಟ್ಟುಸಿರು ಬಿಟ್ಟು ಉಂಡರು.

ಹೀಗಿರುವಾಗ ಶಕುಂತಲಕ್ಕನ ಫೋನು ಬಂತು. ಶನಿವಾರ ತುಮಕೂರಿನಲ್ಲಿ ಕಣ್ಣು ತೋರಿಸಬೇಕು, ಮಧ್ಯಾಹ್ನ ನಿಮ್ಮಲ್ಲಿಗೆ ಬರ್ತೀನಿ ಅಂತ. ಯಜಮಾನರು ಫೋನಿನಲ್ಲೇ ಉಬ್ಬಿಹೋದರು.

"ಬಾ ಅಕ್ಕ, ಬಾ. ಪದ್ಮನ ಕೈ ಹಿಟ್ಟು ತಿಂದ್ಕೊಂಡು ಹೋಗೀವಂತೆ."

"ನನ್ನ ಕೈ ನೋಡಿದೀರಾ?" ಅಂದೆ, ಫೋನು ಇಟ್ಟ ಮೇಲೆ.

"ಒಂದಿನ ತಾನೇ? ಅಕ್ಕ ಬರೋದೇ ಅಪರೂಪ" ಅಂದು ಪೇಪರ್ ತೆಗೆದುಕೊಂಡರು.

ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅಕ್ಕನ ಎದುರು ಅನ್ನ ಬಡಿಸುವುದು ನನಗೂ ಅವಮಾನವೇ ಆಗಿತ್ತು. ಆ ಗಂಟು ತೋರಿಸಿದ ಬೆರಳನ್ನು ನಾನು ಮರೆತಿರಲಿಲ್ಲ. ಕೈ ಹೋದರೆ ಹೋಗಲಿ, ಒಂದು ಸಲ ತಿರುವಿಬಿಡುತ್ತೇನೆ ಅಂತ ತೀರ್ಮಾನಿಸಿದೆ.

ಶನಿವಾರ ಶಮಂತನಿಗೆ ಫ್ಯಾಕ್ಟರಿ ಶಿಫ್ಟು. ಹುರುಳಿಕಾಳಿನ ಬಸ್ಸಾರು ಮಾಡಿಟ್ಟು ಮೈತ್ರೇಯಿ ಬೆಳಿಗ್ಗೆಯೇ ಅರ್ಧ ದಿನದ ಸ್ಕೂಲಿಗೆ ಹೋಗಿದ್ದಳು. ಶಕುಂತಲಕ್ಕ ಆಟೋದಲ್ಲಿ ಬಂದು ಇಳಿದರು. ಕಣ್ಣಿಗೆ ಡ್ರಾಪ್ಸ್ ಹಾಕಿದ್ದರಿಂದ ಎಲ್ಲ ಮಂಜು. ಗೋಡೆ ಹಿಡಿದುಕೊಂಡು ಒಳಗೆ ಬಂದು, ಹಾಲಿನಲ್ಲಿ ತಮ್ಮನ ಪಕ್ಕ ಕೂತರು. ವಯಸ್ಸಾಗಿದೆ, ಸೊರಗಿದ್ದಾರೆ. ಆದರೂ ಅವರ ದನಿ ಕೇಳಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು.

ಅಡುಗೆಮನೆಗೆ ಬಂದು ನೀರಿಟ್ಟೆ. ಕೋಲು ಕೈಗೆ ತೆಗೆದುಕೊಂಡರೆ ಬೆರಳು ಮುಚ್ಚುತ್ತಿಲ್ಲ. ಬ್ಯಾಂಡೇಜು ಬಿಚ್ಚುತ್ತಿದ್ದೆ, ಅಷ್ಟರಲ್ಲಿ ಮೈತ್ರೇಯಿ ಬಂದಳು. ಭುಜದ ಬ್ಯಾಗು ಇಳಿಸಿಲ್ಲ, ಹಣೆಯ ಬೆವರು ಒರೆಸಿಲ್ಲ.

"ಅತ್ತೆ, ಏನ್ ಮಾಡ್ತಿದೀರಾ?"

"ಕಾಣಲ್ವಾ? ಹಿಟ್ಟು ತಿರುವ್ತೀನಿ."

"ಡಾಕ್ಟರ್ ಏನಂದ್ರು?"

"ಡಾಕ್ಟರ್ ಬಂದು ಬಡಿಸ್ತಾಳಾ?"

ಅವಳು ನನ್ನ ಕೈಯಿಂದ ಕೋಲು ಕಿತ್ತುಕೊಳ್ಳಲಿಲ್ಲ. ಬ್ಯಾಗು ಇಳಿಸಿ, ಕೈ ತೊಳೆದು, ಪಾತ್ರೆಯೊಂದರಲ್ಲಿ ರಾಗಿ ಹಿಟ್ಟಿಗೆ ತಣ್ಣೀರು, ಉಪ್ಪು ಹಾಕಿ ಗಂಟಿಲ್ಲದ ಹಾಗೆ ಕದಡಿ, ಅದನ್ನು ಕುಕ್ಕರಿನೊಳಗೆ ಇಟ್ಟು ಮುಚ್ಚಳ ಹಾಕಿದಳು. ನನ್ನ ನೀರು ಕುದಿಯುವಷ್ಟರಲ್ಲಿ ಅವಳ ಕೆಲಸ ಮುಗಿದಿತ್ತು.

"ಅಕ್ಕ ಮುಟ್ಟಿದ ತಕ್ಷಣ ಕಂಡುಹಿಡೀತಾರೆ" ಅಂದೆ, ದನಿ ತಗ್ಗಿಸಿ.

"ಹಿಡೀಲಿ ಬಿಡಿ."

"ನಿಮ್ಮ ಮಾವನ್ನ ಕೇಳಬೇಕಾ? ವರ್ಷಗಟ್ಟಲೆ ಆಡಿಕೋತಾರೆ. ನಿನ್ನನ್ನೂ, ನನ್ನನ್ನೂ."

ಅವಳು ವೇಲಿನ ತುದಿಯಲ್ಲಿ ಹಣೆಯ ಬೆವರು ಒರೆಸಿಕೊಂಡಳು. "ಅತ್ತೆ, ನಂಗೂ ಸುಸ್ತಾಗಿದೆ. ನಾನಿದನ್ನ ತಿರುವೋದಿಲ್ಲ, ನಿಮ್ಮನ್ನ ತಿರುವೋಕೂ ಬಿಡಲ್ಲ. ಬೇಕಾದ್ರೆ ಸದ್ದು ಮಾಡಿ."

ಆ ಮಾತನ್ನು ಅವಳು ತಮಾಷೆಗೆ ಅಂದಳೋ ಏನೋ. ನಾನು ಹಾಗೇ ಮಾಡಿದೆ. ಖಾಲಿ ಪಾತ್ರೆಯನ್ನು ನೆಲಕ್ಕಿಟ್ಟು, ಕಾಲಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಕೋಲು ಹಿಡಿದು ಡಬ್ ಡಬ್ ಅಂತ ಬಡಿದೆ. ಮಧ್ಯೆ ಮಧ್ಯೆ ಉಸ್ಸಪ್ಪಾ ಅಂತ ಉಸಿರು ಬೇರೆ. ಕುಕ್ಕರ್ ಕೂಗಿದರೆ ಅನ್ನಕ್ಕೆ ಇಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಮೈತ್ರೇಯಿ ವೇಲು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು. ಈ ಮನೆಗೆ ಬಂದ ಮೇಲೆ ಅವಳು ನನ್ನ ಜೊತೆ ನಕ್ಕದ್ದು ಅದೇ ಮೊದಲೋ ಏನೋ.

ಹಾಲಿನಿಂದ ಯಜಮಾನರ ದನಿ ಬಂತು. "ಕೇಳ್ತಾ ಅಕ್ಕ? ಆ ಸದ್ದಿಗೇ ಹಸಿವಾಗುತ್ತೆ ನೋಡು."

ಕುಕ್ಕರ್ ಇಳಿಸಿ, ಸೌಟಿನಲ್ಲಿ ನಾಲ್ಕು ಸಲ ಕಲಕಿ, ಒದ್ದೆ ತಟ್ಟೆಯ ಮೇಲೆ ಹಾಕಿ ಅವಳೇ ಉಂಡೆ ಕಟ್ಟಿದಳು. ನೋಡುವುದಕ್ಕೆ ಏನೂ ಕಮ್ಮಿಯಿರಲಿಲ್ಲ. ನುಣುಪಾಗಿ, ಹೊಳೆಯುತ್ತ ಕೂತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಗುವ ಬದಲು ಹೊಟ್ಟೆ ಉರಿಯಿತು.

ಬಡಿಸಿದೆ. ಯಜಮಾನರು ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಕಣ್ಣುಮುಚ್ಚಿ ನುಂಗಿದರು. ಇನ್ನೊಂದು. ಮತ್ತೊಂದು. ನಾನು ಬಾಗಿಲ ಹತ್ತಿರ ನಿಂತು ಅವರ ಗಂಟಲನ್ನೇ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಸಿಕ್ಕಿಬೀಳಬೇಕು ಅಂತ ಆಗ ನನಗೆ ಆಸೆಯಾಯಿತು. ಇದೇನಿದು, ಪದ್ಮನ ಕೈಯದ್ದಲ್ಲ ಇದು, ಅಂತ ಅವರು ತಟ್ಟೆ ತಳ್ಳಬೇಕು. ಕೂಗಾಡಲಿ, ಬೈಯಲಿ, ಪರವಾಗಿಲ್ಲ. ಕಂಡುಹಿಡಿಯಬೇಕು.

"ಆಹಾ" ಅಂದರು. "ಇನ್ನರ್ಧ ಹಾಕು, ಪದ್ಮ. ಎಷ್ಟು ದಿನ ಆಗಿತ್ತು." ಆಮೇಲೆ ಮೈತ್ರೇಯಿ ಕಡೆ ತಿರುಗಿದರು. "ನೋಡಿ ಕಲ್ತ್ಕೊಳಮ್ಮ. ಇದನ್ನ ಹಿಟ್ಟು ಅಂತಾರೆ. ಮೈ ಬಗ್ಗಿಸಿ ಮಾಡಿದ್ದಕ್ಕೂ, ಸೋಮಾರಿತನದಲ್ಲಿ ಮಾಡಿದ್ದಕ್ಕೂ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತೆ."

ಮೈತ್ರೇಯಿ ತಲೆ ತಗ್ಗಿಸಿ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. ಇಷ್ಟು ವರ್ಷ ಈ ನಾಲಿಗೆಗೆ ಅಂತ ತಿರುವಿದೆ. ಜ್ವರದಲ್ಲಿ, ಬಸುರಿನಲ್ಲಿ, ಹೆಬ್ಬೆರಳು ಸುಟ್ಟುಕೊಂಡು, ನರ ಸವೆಸಿಕೊಂಡು. ಈ ನಾಲಿಗೆಗೆ ಏನೂ ಗೊತ್ತಿರಲಿಲ್ಲ. ನೀರಿಟ್ಟು ಮುಚ್ಚಳ ಹಾಕಿದ್ದರೂ ಇದೇ ಆಹಾ ಸಿಗುತ್ತಿತ್ತು. ನನಗೆ ಯಾರ ಮೇಲೆ ಸಿಟ್ಟು ಬಂತೋ ನನಗೇ ತಿಳಿಯಲಿಲ್ಲ, ಆದರೆ ಬಂತು.

"ಅದು ಕುಕ್ಕರಿಂದು" ಅಂದೆ.

"ಏನು?"

"ನೀವು ತಿಂತಿರೋದು. ಕುಕ್ಕರಲ್ಲಿ ಆಗಿದ್ದು. ಮೈತ್ರೇಯಿ ಮಾಡಿದ್ದು. ನಾನು ಬರೀ ಖಾಲಿ ಪಾತ್ರೆ ಬಡಿದೆ."

ಅವರ ಕೈ ತಟ್ಟೆಯ ಮೇಲೆ ನಿಂತಿತು. ಮುಖ ಕೆಂಪಾಯಿತು. ಅಕ್ಕನ ಕಡೆ ಒಮ್ಮೆ ನೋಡಿದರು. "ಅದಕ್ಕೇ..." ಅಂದು ಗಂಟಲು ಸರಿಮಾಡಿಕೊಂಡರು. "ಅದಕ್ಕೇ ಸ್ವಲ್ಪ ಜಿಗಟು ಅನ್ನಿಸ್ತು."

ಶಕುಂತಲಕ್ಕನ ತಟ್ಟೆಯಲ್ಲಿ ಹಿಟ್ಟು ಅರ್ಧ ಮುಗಿದಿತ್ತು. ಅವರು ಮಂಜುಗಣ್ಣನ್ನು ಮೈತ್ರೇಯಿ ನಿಂತಿದ್ದ ಕಡೆಗೆ ಎತ್ತಿದರು. ಗಂಟು ಹುಡುಕುವ ಆ ಬೆರಳು ಹಿಟ್ಟಿನ ಮೇಲೇ ಇತ್ತು.

"ಎಷ್ಟು ವಿಶಲ್ ಕೂಗುಸ್ದೆ?"

"ನಾಲ್ಕು, ದೊಡ್ಡಮ್ಮ" ಅಂದಳು ಮೈತ್ರೇಯಿ, ಸಣ್ಣ ದನಿಯಲ್ಲಿ.

"ನೀರು?"

"ಒಂದು ಲೋಟ ಹಿಟ್ಟಿಗೆ ಎರಡೂವರೆ."

"ಎರಡೂವರೆ" ಅಂತ ಶಕುಂತಲಕ್ಕ ತಮಗೇ ಹೇಳಿಕೊಂಡರು. "ಮುಟ್ಟಿದ್ ತಕ್ಷಣ ಗೊತ್ತಾಯ್ತು ಕಣೇ ಪದ್ಮ. ಕೋಲ್ ತಿರುವಿದ್ದಕ್ಕೆ ಒಂದು ಬಿಗಿ ಇರ್ತದೆ, ಇದ್ಕಿಲ್ಲ. ಇಲ್ದಿದ್ರೆ ಏನಾಯ್ತು, ಬುಡು. ನಂಗೆ ಭುಜ ಎತ್ತಕ್ಕಾಗಲ್ಲ, ಎರಡ್ ವರ್ಷ ಆಯ್ತು. ಹಿಟ್ಟು ತಿನ್ನೋ ಆಸೆಗೆ ಇವತ್ತು ಕಣ್ ತೋರ್ಸೋದನ್ನೇ ನೆಪ ಮಾಡ್ಕೊಂಡು ಇಲ್ಲಿಗ್ ಬಂದೆ. ಕುಕ್ಕರಲ್ಲಿ ಮಾಡ್ಕೊಳಾನ ಅಂದ್ರೆ, ನಾನೇ ಎಲ್ರಿಗೂ ಗಂಟು ತೋರ್ಸಿದೋಳು. ಯಾವ್ ಬಾಯಲ್ಲಿ ಕೇಳ್ಲಿ?"

ಹಿಟ್ಟಿನ ವ್ಯತ್ಯಾಸ ತಿಳಿದವರು ಒಬ್ಬರಾದರೂ ಇದ್ದಾರಲ್ಲ ಅಂತ ನನಗೆ ಅಳು ಬಂದುಬಿಟ್ಟಿತು. ಬಿಗಿ ಇರ್ತದೆ ಅಂದರು. ನಾನು ತಿರುವಿದ್ದರಲ್ಲಿ ಬಿಗಿ ಇತ್ತು. ಅಷ್ಟು ಸಾಕಾಗಿತ್ತು ನನಗೆ.

"ಅಲ್ಲೇ ನಿಂತಿದೀಯಾ ಪದ್ಮ?" ಅಂದರು ಶಕುಂತಲಕ್ಕ. "ನೀನೂ ಕೂತ್ಕೊ. ಮಗಾ, ನೀನೂ ತಟ್ಟೆ ತಗೊ. ಸಾರು ಬೇಕಾದ್ರೆ ಅವನೇ ಹಾಕ್ಕೋತಾನೆ, ಕೈಯೇನು ಸವೆದಿಲ್ಲ."

"ಪದ್ಮ ಆಮೇಲೆ ಊಟ ಮಾಡ್ತಾಳೆ ಬಿಡಕ್ಕ" ಅಂದರು ಯಜಮಾನರು. ಸಿಕ್ಕಿಬಿದ್ದವರ ದನಿ ಇನ್ನೂ ಹೋಗಿರಲಿಲ್ಲ. "ಅವಳಿಗೆ ಆರಿದ ಹಿಟ್ಟೇ ಇಷ್ಟ."

ಮೈತ್ರೇಯಿ ಆಗಲೇ ಹಾಟ್‌ಬಾಕ್ಸಿನ ಮುಚ್ಚಳ ತೆಗೆದಿದ್ದಳು. ಎರಡು ಉಂಡೆ ಬೇರೆಯಾಗಿ ಎತ್ತಿಟ್ಟಿದ್ದಳು. ಒಂದನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ಬೆರಳಲ್ಲಿ ಗುಳಿ ಮಾಡಿ ತುಪ್ಪ ಬಿಟ್ಟಳು. ತುಪ್ಪ ಕರಗಿ ಸಾರಿನೊಳಕ್ಕೆ ಇಳಿಯಿತು. ನಾನು ನೆಲದ ಮೇಲೆ ಶಕುಂತಲಕ್ಕನ ಪಕ್ಕ ಕೂತು, ಬಲಗೈ ಬೆರಳು ಮಡಚಲು ಆಗದ್ದರಿಂದ ಎಡಗೈಯಲ್ಲೇ ಒಂದು ತುತ್ತು ಮುರಿದೆ. ಬೆರಳು ಸುಟ್ಟಿತು. ನುಂಗಿದರೆ ಗಂಟಲಿನಿಂದ ಎದೆಗೆ, ಎದೆಯಿಂದ ಹೊಟ್ಟೆಗೆ ಬಿಸಿ ಇಳಿದುಹೋಯಿತು. ಇದನ್ನೇ ಇವರೆಲ್ಲ ದಿನಾ ಉಣ್ಣುತ್ತಿದ್ದದ್ದು. ಕಣ್ಣಲ್ಲಿ ನೀರು ಬಂತು.

"ಅತ್ತೆ, ತುಂಬಾ ಸುಡ್ತಿದ್ಯಾ? ಆರಿಸಿ ಕೊಡ್ಲಾ?" ಅಂದಳು ಮೈತ್ರೇಯಿ.

"ಬೇಡ" ಅಂದೆ. ಯಜಮಾನರಿಗೂ ಕೇಳಿಸುವ ಹಾಗೆ ಹೇಳಿದೆ. "ನಂಗೆ ಬಿಸೀದೇ ಇಷ್ಟ."